ಬ್ಯಾಟರಿ ಆಮ್ಲ ಚೆಲ್ಲಿದ ಲೋಹಕ್ಕೆ ಮರುಬಣ್ಣ: ಮೊದಲು ಆಮ್ಲ ನಿವಾರಣೆ, ಅನಂತರ ಲೇಪನ

ಸರಕು ಸಾಗಣೆಯ ವಾಹನ, ಕಾರು, ಆಟೋರಿಕ್ಷಾ, ಜನರೇಟರ್, ಇನ್ವರ್ಟರ್ - ಇವುಗಳಲ್ಲಿ ಒಂದಾದರೂ ಇಲ್ಲದ ವ್ಯಾಪಾರ ಮಳಿಗೆಯಾಗಲಿ, ಸಣ್ಣ ಕಾರ್ಖಾನೆಯಾಗಲಿ ಇಂದು ವಿರಳ. ಇವೆಲ್ಲವುಗಳಿಗೂ ಬಹುಮಟ್ಟಿಗೆ ಆಧಾರವಾಗಿರುವುದು ಸೀಸ-ಆಮ್ಲ ಬ್ಯಾಟರಿ. ಫ್ರಾನ್ಸಿನ ವಿಜ್ಞಾನಿ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಈ ಸಾಧನದ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ಅದರೊಳಗಿನ ಆಮ್ಲವೂ ಬದಲಾಗಿಲ್ಲ. ಆ ಆಮ್ಲ ಹೊರಚೆಲ್ಲಿದಾಗ ಬ್ಯಾಟರಿಯ ತಟ್ಟೆ, ಅದರ ಕೆಳಗಿನ ಚಾಸಿ, ಇನ್ವರ್ಟರ್ ಸ್ಟ್ಯಾಂಡು ಇತ್ಯಾದಿಗಳ ಬಣ್ಣ ಎದ್ದುಬರುವುದು ಎಲ್ಲರಿಗೂ ಪರಿಚಿತವಾದ ದೃಶ್ಯ.

ಇದಕ್ಕೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಪರಿಹಾರವೆಂದರೆ, ಬಟ್ಟೆಯಿಂದ ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಒಂದು ಕೋಟು ಬಣ್ಣ ಹೊಡೆಯುವುದು. ಕೆಲವು ವಾರಗಳವರೆಗೆ ಕೆಲಸ ಚೆನ್ನಾಗಿಯೇ ಕಾಣುತ್ತದೆ. ಮಳೆಗಾಲ ಬಂದೊಡನೆ ಅದೇ ಜಾಗದಲ್ಲಿ ಗುಳ್ಳೆಗಳು ಏಳುತ್ತವೆ, ಬಣ್ಣ ಹೊಪ್ಪಳೆಯಾಗಿ ಕಳಚುತ್ತದೆ. ವಾಹನದ ಮಾಲೀಕ ಬಣ್ಣದ ಗುಣಮಟ್ಟವನ್ನು ದೂರುತ್ತಾನೆ. ಪೇಂಟರ್ ಬ್ಯಾಟರಿಯನ್ನು ದೂರುತ್ತಾನೆ. ಹೆಚ್ಚಿನ ಪ್ರಕರಣಗಳಲ್ಲಿ ದೋಷ ಎರಡರಲ್ಲೂ ಇರುವುದಿಲ್ಲ. ದೋಷವಿರುವುದು ಬಣ್ಣದಡಿಯಲ್ಲಿ ಉಳಿದುಹೋದ ಆಮ್ಲ ಹಾಗೂ ಲವಣಗಳಲ್ಲಿ. ಅವುಗಳನ್ನು ಕ್ರಮಬದ್ಧವಾಗಿ ನಿವಾರಿಸುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಚೆಲ್ಲಿದ ಆಮ್ಲದ ಸ್ವಭಾವ

ಬ್ಯಾಟರಿಯೊಳಗಿರುವುದು ನೀರು ಬೆರೆಸಿದ ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಮ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಇದರ ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 1.24ರಿಂದ 1.28ರವರೆಗೆ ಇರುತ್ತದೆ. 1.26 ಸಾಂದ್ರತೆಯ ದ್ರಾವಣದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ. 35ರಷ್ಟು ಆಮ್ಲವೂ ಉಳಿದಂತೆ ನೀರೂ ಇರುತ್ತದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ನೀರು, ಥಿನ್ನರ್, ಪೆಟ್ರೋಲ್ ಚೆಲ್ಲಿದರೆ ಆವಿಯಾಗಿ ಹೋಗುತ್ತವೆ. ಗಂಧಕಾಮ್ಲ ಹಾಗೆ ಹೋಗುವುದಿಲ್ಲ. ಬೇಸಿಗೆಯ ಒಣ ಹವೆಯಲ್ಲಿ ಅದರೊಳಗಿನ ನೀರು ಮಾತ್ರ ಆರಿ, ಉಳಿದ ಆಮ್ಲ ಮತ್ತಷ್ಟು ಗಾಢವಾಗುತ್ತದೆ. ಮಳೆಗಾಲದ ತೇವದಲ್ಲಿ ಅದೇ ಆಮ್ಲ ಗಾಳಿಯಿಂದ ನೀರನ್ನು ಹೀರಿಕೊಂಡು ಮತ್ತೆ ಹರಡುತ್ತದೆ. ಬ್ಯಾಟರಿ ಅಂಗಡಿಯ ಕೆಲಸಗಾರರ ಹತ್ತಿ ಅಂಗಿಯಲ್ಲಿ ಬೆಳಿಗ್ಗೆ ಕಾಣದ ಕಲೆ ಕೆಲವು ದಿನಗಳ ಬಳಿಕ ತೂತಾಗಿ ತೋರುವುದು ಇದೇ ಕಾರಣದಿಂದ. ಆದುದರಿಂದ "ಆಮ್ಲ ಒಣಗಿದೆ" ಎಂಬ ಮಾತಿಗೆ ಅರ್ಥವಿಲ್ಲ.

ಬಣ್ಣದಡಿಯಲ್ಲಿ ನಡೆಯುವ ಕ್ರಿಯೆ

ಆಮ್ಲ ಕಬ್ಬಿಣವನ್ನು ಮುಟ್ಟಿದಾಗ ಜಲಜನಕ ಬಿಡುಗಡೆಯಾಗಿ ಕಬ್ಬಿಣದ ಸಲ್ಫೇಟ್ ಎಂಬ ಲವಣ ಉಂಟಾಗುತ್ತದೆ. ತಗಡಿಗೆ ಸತುವಿನ ಲೇಪನವಿದ್ದರೆ ಮೊದಲು ಆ ಸತು ಕರಗಿಹೋಗುತ್ತದೆ, ಅನಂತರ ಕಬ್ಬಿಣದ ಸರದಿ. ಹೀಗೆ ಉಂಟಾದ ಲವಣ ತಗಡಿನ ಸೂಕ್ಷ್ಮ ಕುಳಿಗಳಲ್ಲಿ, ತುಕ್ಕಿನ ಪದರದ ತಳದಲ್ಲಿ ಸೇರಿಕೊಳ್ಳುತ್ತದೆ. ಗಾಳಿ ಮತ್ತು ತೇವ ಅದಕ್ಕೆ ತಾಗಿದಾಗ ಕಬ್ಬಿಣದ ಅಂಶ ತುಕ್ಕಾಗಿ ಮಾರ್ಪಟ್ಟು, ಆಮ್ಲ ಪುನಃ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಆಮ್ಲ ಪಕ್ಕದ ಕಬ್ಬಿಣವನ್ನು ತಿನ್ನತೊಡಗುತ್ತದೆ. ಅಂದರೆ ಸ್ವಲ್ಪವೇ ಆಮ್ಲ ಮತ್ತೆ ಮತ್ತೆ ಅದೇ ಕೆಲಸವನ್ನು ಮಾಡುತ್ತಿರುತ್ತದೆ.

ಇಂತಹ ಜಾಗದ ಮೇಲೆ ಬಣ್ಣ ಹಚ್ಚಿದರೆ ಸಮಸ್ಯೆ ಮುಚ್ಚಿಹೋಗುತ್ತದೆಯೇ ಹೊರತು ಪರಿಹಾರವಾಗುವುದಿಲ್ಲ. ಯಾವ ಬಣ್ಣದ ಪದರವೂ ನೀರಾವಿಯನ್ನು ಪೂರ್ಣವಾಗಿ ತಡೆಯಲಾರದು. ಒಳಗಿನ ಲವಣ ಪದರದ ಮೂಲಕ ತೇವವನ್ನು ಸೆಳೆದುಕೊಳ್ಳುತ್ತದೆ. ಆ ನೀರಿನ ಒತ್ತಡದಿಂದ ಬಣ್ಣ ಗುಳ್ಳೆಯಾಗಿ ಮೇಲೇಳುತ್ತದೆ. ಬಣ್ಣ ಎಷ್ಟೇ ಬೆಲೆಬಾಳುವುದಾಗಿದ್ದರೂ ಫಲ ಒಂದೇ. ಕಾರಿನ ಮೈತಗಡಿನ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಎಂಬುದನ್ನು ನೆನೆದರೆ, ಒಳಗೇ ನಡೆಯುವ ಈ ಸವೆತದ ಗಂಭೀರತೆ ಅರಿವಾಗುತ್ತದೆ. ಬ್ಯಾಟರಿಯ ಕೆಳಗೆ ಬ್ರೇಕಿನ ಕೊಳವೆ ಅಥವಾ ವಿದ್ಯುತ್ ತಂತಿಗಳು ಹಾದುಹೋಗುವ ವಾಹನಗಳಲ್ಲಿ ಇದು ಅಂದಚಂದದ ಪ್ರಶ್ನೆಯಾಗಿ ಉಳಿಯದೆ ಪ್ರಾಣದ ಪ್ರಶ್ನೆಯಾಗುತ್ತದೆ.

ಯಾವ ಕ್ಷಾರ, ಎಷ್ಟು ಪ್ರಮಾಣ?

ಆಮ್ಲವನ್ನು ತಟಸ್ಥಗೊಳಿಸಲು ಕ್ಷಾರ ಬೇಕು. ಮೂರು ಪದಾರ್ಥಗಳು ಸುಲಭವಾಗಿ ದೊರೆಯುತ್ತವೆ. 1.26 ಸಾಂದ್ರತೆಯ ಒಂದು ಲೀಟರ್ ಬ್ಯಾಟರಿ ದ್ರಾವಣದಲ್ಲಿ ಸುಮಾರು 440 ಗ್ರಾಂ ಆಮ್ಲವಿರುತ್ತದೆ. ರಾಸಾಯನಿಕ ಲೆಕ್ಕದಂತೆ ಅದಕ್ಕೆ ಬೇಕಾಗುವ ಪ್ರಮಾಣ ಹೀಗಿದೆ:

ಅಡುಗೆ ಸೋಡಾ: ಸುಮಾರು 760 ಗ್ರಾಂ
ನೀರಿನಂಶವಿಲ್ಲದ ಸೋಡಾ ಆಶ್: ಸುಮಾರು 480 ಗ್ರಾಂ
ಅರಳಿಸಿದ ಸುಣ್ಣದ ಪುಡಿ: ಸುಮಾರು 335 ಗ್ರಾಂ

100 ಮಿಲಿಲೀಟರ್ ಚೆಲ್ಲಿದ್ದರೆ ಇದರ ಹತ್ತನೆಯ ಒಂದು ಭಾಗ ಸಾಕು. ಒಂದು ಹಿಡಿ ಸೋಡಾ ಎರಚಿ ಕೈತೊಳೆದುಕೊಳ್ಳುವ ರೂಢಿ ಏಕೆ ಸಾಲದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ವಾಹನದ ಮೇಲೆ ಬಳಸಲು ಅಡುಗೆ ಸೋಡಾ ಉತ್ತಮ. ಅದು ಸೌಮ್ಯವಾದದ್ದು, ಸ್ವಲ್ಪ ಹೆಚ್ಚಾದರೂ ಕೈಯನ್ನಾಗಲಿ ಲೋಹವನ್ನಾಗಲಿ ಸುಡುವುದಿಲ್ಲ. ಸೋಡಾ ಆಶ್ ಹೆಚ್ಚು ತೀಕ್ಷ್ಣವಾದ ಕಾರಣ ಆಲ್ಟರ್ನೇಟರ್ ಕವಚದಂತಹ ಅಲ್ಯೂಮಿನಿಯಂ ಭಾಗಗಳಿರುವೆಡೆ ಬಳಸುವುದು ಸೂಕ್ತವಲ್ಲ. ಸುಣ್ಣ ಅಗ್ಗವಾದರೂ ಆಮ್ಲದೊಡನೆ ಬೆರೆತಾಗ ನೀರಿನಲ್ಲಿ ಸುಲಭವಾಗಿ ಕರಗದ ಜಿಪ್ಸಂ ಆಗಿ ಸಂದುಗಳಲ್ಲಿ ಕೂರುವುದರಿಂದ ಅದು ನೆಲಕ್ಕೆ ಮಾತ್ರ ಸರಿ. ಕಾಸ್ಟಿಕ್ ಸೋಡಾವನ್ನು ಯಾವ ಸಂದರ್ಭದಲ್ಲೂ ಬಳಸಬಾರದು. ಅದು ಆಮ್ಲದೊಡನೆ ತೀವ್ರ ಶಾಖವನ್ನು ಹೊಮ್ಮಿಸುತ್ತದೆ, ಚರ್ಮ ಮತ್ತು ಕಣ್ಣಿಗೆ ಆಮ್ಲದಷ್ಟೇ ಅಪಾಯಕಾರಿ. ಬೇಕರಿಗಳಲ್ಲಿ ಬಳಸುವ ಬೇಕಿಂಗ್ ಪೌಡರ್ ಬೇರೆಯೇ ಮಿಶ್ರಣವಾದುದರಿಂದ ಅದನ್ನೂ ಬಳಸಬಾರದು.

ಈ ವಿಧಾನ ಸೀಸ-ಆಮ್ಲ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತದೆ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯೊಳಗೆ ಇರುವುದು ಆಮ್ಲವಲ್ಲ, ಕ್ಷಾರ. ಲಿಥಿಯಂ ಬ್ಯಾಟರಿಯ ಸ್ವರೂಪ ಸಂಪೂರ್ಣ ಭಿನ್ನ. ಬ್ಯಾಟರಿಯ ಮೇಲಿನ ಚೀಟಿಯನ್ನು ಓದಿ ಖಚಿತಪಡಿಸಿಕೊಂಡ ನಂತರವೇ ಕೆಲಸಕ್ಕೆ ಕೈಹಾಕಬೇಕು.

ಸುರಕ್ಷತೆಯ ನಿಯಮಗಳು

ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ತಲುಪಿದರೆ ಒಂದು ಕಿಡಿಯಿಂದ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಚಾರ್ಜರ್ ನಿಲ್ಲಿಸಿ, ಸ್ಥಳಕ್ಕೆ ಗಾಳಿಯಾಡುವಂತೆ ಮಾಡಿ, ಬೀಡಿ-ಸಿಗರೇಟು, ವೆಲ್ಡಿಂಗ್, ಗ್ರೈಂಡಿಂಗ್ ಕೆಲಸಗಳನ್ನು ದೂರವಿರಿಸಬೇಕು.

ರಬ್ಬರ್ ಕೈಗವಸು, ಪಕ್ಕಗಳನ್ನೂ ಮುಚ್ಚುವ ಕನ್ನಡಕ, ರಬ್ಬರ್ ಅಥವಾ ಪ್ಲಾಸ್ಟಿಕ್ ಏಪ್ರನ್ ಅವಶ್ಯಕ. ಸಾಮಾನ್ಯ ಕನ್ನಡಕ ಸಾಲದು. ಆಮ್ಲ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷಗಳ ಕಾಲ ಶುದ್ಧ ನೀರಿನಿಂದ ಎಡೆಬಿಡದೆ ತೊಳೆದು, ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು. ಕಣ್ಣಿಗಾಗಲಿ ಚರ್ಮಕ್ಕಾಗಲಿ ಸೋಡಾ ಹಾಕಬಾರದು, ನೀರೇ ಔಷಧ. ಕೆಲಸ ಆರಂಭಿಸುವ ಮುನ್ನವೇ ಒಂದು ಬಕೆಟ್ ಶುದ್ಧ ನೀರು ಅಥವಾ ಹರಿಯುವ ನಲ್ಲಿ ಕೈಗೆಟಕುವಂತಿರಬೇಕು.

ಬ್ಯಾಟರಿಯ ಸುತ್ತ ಕಾಣುವ ಬಿಳಿಯ ಪುಡಿಯಲ್ಲಿ ಸೀಸದ ಅಂಶವಿರುತ್ತದೆ. ಅದನ್ನು ಒಣಗಿದ ಸ್ಥಿತಿಯಲ್ಲಿ ತಂತಿ ಬ್ರಷ್‌ನಿಂದ ಉಜ್ಜಿದರೆ ವಿಷಕಾರಿ ಧೂಳು ಏಳುತ್ತದೆ. ಮೊದಲು ಸೋಡಾ ನೀರಿನಿಂದ ನೆನೆಸಿ ತೊಳೆಯುವುದೇ ಸರಿಯಾದ ಕ್ರಮ. ಕೆಲಸ ಮುಗಿದ ನಂತರ ಕೈತೊಳೆಯದೆ ಊಟ-ತಿಂಡಿ ಮಾಡಬಾರದು.

ಕೆಲಸದ ಕ್ರಮ

1. ಬ್ಯಾಟರಿ ತೆಗೆಯುವುದು: ಮೊದಲು ಋಣ ತುದಿಯ ತಂತಿಯನ್ನು, ಬಳಿಕ ಧನ ತುದಿಯ ತಂತಿಯನ್ನು ಕಳಚಬೇಕು. ಹೀಗೆ ಮಾಡಿದರೆ ಸ್ಪ್ಯಾನರ್ ವಾಹನದ ಮೈಗೆ ತಾಗಿ ಕಿಡಿ ಹಾರುವ ಸಂಭವ ತಪ್ಪುತ್ತದೆ. ಮರುಜೋಡಣೆಯ ವೇಳೆ ಋಣ ತುದಿ ಕೊನೆಗೆ. ತೆಗೆದ ಬ್ಯಾಟರಿಯನ್ನು ಓರೆ ಮಾಡದೆ ಪ್ಲಾಸ್ಟಿಕ್ ತಟ್ಟೆಯಲ್ಲಿರಿಸಬೇಕು.

2. ಹರಿದ ದಾರಿ ಹುಡುಕುವುದು: ಆಮ್ಲ ತಟ್ಟೆಯಲ್ಲಿ ನಿಂತಿರುವುದು ಅಪರೂಪ. ಬೋಲ್ಟಿನ ತೂತು, ತಗಡು ಜೋಡಿಸಿದ ಸಂದುಗಳ ಮೂಲಕ ಕೆಳಗಿಳಿದಿರುತ್ತದೆ. ಟಾರ್ಚ್ ಬೆಳಕಿನಲ್ಲಿ ಕೊನೆಯ ಹನಿ ಬಿದ್ದ ಜಾಗದವರೆಗೂ ಗುರುತು ಹಾಕಿಕೊಳ್ಳಬೇಕು. ಬ್ರೇಕಿನ ಕೊಳವೆ ಕೊರೆದಂತೆ ಕಂಡುಬಂದರೆ ಅದನ್ನು ಬದಲಿಸಿದ ಹೊರತು ವಾಹನವನ್ನು ಹಿಂದಿರುಗಿಸಬಾರದು.

3. ಮೊದಲ ತಟಸ್ಥೀಕರಣ: ನಿಂತ ದ್ರವವಿದ್ದರೆ ಒಣ ಮರಳಿನಿಂದ ಹೀರಿಸಿ ತೆಗೆಯಬೇಕು. ಅನಂತರ ಒಂದು ಲೀಟರ್ ನೀರಿಗೆ ಸುಮಾರು 100 ಗ್ರಾಂ ಅಡುಗೆ ಸೋಡಾ ಕರಗಿಸಿದ ದ್ರಾವಣವನ್ನು ಹೊರಗಿನ ಅಂಚಿನಿಂದ ಒಳಮುಖವಾಗಿ ನಿಧಾನವಾಗಿ ಸುರಿಯಬೇಕು. ಬುರುಗು ನಿಂತಿತೆಂದರೆ ಆಮ್ಲ ಮುಗಿಯಿತೆಂದು ಭಾವಿಸಬಾರದು. ಸೋಡಾ ಮುಗಿದಿರುವ ಸಾಧ್ಯತೆಯೂ ಇದೆ. ಹೊಸ ದ್ರಾವಣ ಸುರಿದಾಗಲೂ ಬುರುಗು ಬಾರದಿದ್ದರೆ ಮಾತ್ರ ಮುಂದುವರಿಯಬೇಕು. ಬ್ಯಾಟರಿಯ ಹೊರಮೈಯನ್ನೂ ಇದೇ ದ್ರಾವಣದಿಂದ ಒರೆಸಬಹುದು. ಆದರೆ ಮುಚ್ಚಳಗಳು ಬಿಗಿಯಾಗಿರಬೇಕು; ಸೋಡಾ ಒಳಗಿಳಿದರೆ ಒಳಗಿನ ಆಮ್ಲವೂ ಕೆಡುತ್ತದೆ.

4. ತೊಳೆಯುವುದು: ತಂತಿ ಜೋಡಣೆಗಳಿಗೆ ಪ್ಲಾಸ್ಟಿಕ್ ಸುತ್ತಿ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಹೆಚ್ಚಿನ ಒತ್ತಡದ ಪಂಪು ಆಮ್ಲವನ್ನು ಹೊಸ ಸಂದುಗಳಿಗೆ ತಳ್ಳುತ್ತದೆ.

5. ಬಣ್ಣ ಮತ್ತು ತುಕ್ಕು ತೆಗೆಯುವುದು: ಜಿಡ್ಡನ್ನು ಡಿಟರ್ಜೆಂಟ್ ನೀರಿನಿಂದ ತೊಳೆದು, ಸಡಿಲವಾದ ಬಣ್ಣವನ್ನು ಕೆರೆದು, ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ತೆಗೆಯಬೇಕು. ಗುಳ್ಳೆಯ ಅಂಚಿನಿಂದ ಆಚೆಗೆ, ಬಣ್ಣ ಗಟ್ಟಿಯಾಗಿ ಹಿಡಿದಿರುವ ಭಾಗದವರೆಗೂ ಕೆರೆಯುವುದು ಅವಶ್ಯ. ತಗಡನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ, ಅದು ಬಗ್ಗಿದರೆ ಅಥವಾ ತೂತಾದರೆ ಪುಟ್ಟಿ ತುಂಬದೆ ತಟ್ಟೆಯನ್ನೇ ಬದಲಿಸಬೇಕು. ಬ್ಯಾಟರಿಯ ಭಾರವನ್ನು ಹೊರುವುದು ತಗಡೇ ಹೊರತು ಪುಟ್ಟಿಯಲ್ಲ.

6. ಎರಡನೆಯ ತಟಸ್ಥೀಕರಣ: ಬಹಳಷ್ಟು ಮಂದಿ ಬಿಟ್ಟುಬಿಡುವ ಹಂತ ಇದೇ. ಬಣ್ಣ ಮತ್ತು ತುಕ್ಕಿನ ಪದರ ಹೋದಾಗ ಅದರಡಿಯಲ್ಲಿ ಅಡಗಿದ್ದ ಆಮ್ಲ ಮೊದಲ ಬಾರಿಗೆ ಹೊರಗೆ ಬರುತ್ತದೆ. ಆದ್ದರಿಂದ ಮತ್ತೊಮ್ಮೆ ಸೋಡಾ ದ್ರಾವಣ ಹಚ್ಚಿ, ಸುಮಾರು ಹತ್ತು ನಿಮಿಷ ಬಿಟ್ಟು, ನೈಲಾನ್ ಬ್ರಷ್‌ನಿಂದ ಉಜ್ಜಿ, ಹೇರಳ ನೀರಿನಿಂದ ತೊಳೆಯಬೇಕು. ಸಂದುಗಳಿಗೆ ಸಿರಿಂಜಿನಿಂದ ದ್ರಾವಣ ಹಾಯಿಸಬಹುದು.

7. ಕೊನೆಯ ತೊಳೆತ: ಉಳಿದ ಸೋಡಾ ಮತ್ತು ಅದರಿಂದಾದ ಸೋಡಿಯಂ ಸಲ್ಫೇಟ್ ಕೂಡ ನೀರು ಸೆಳೆಯುವ ಲವಣಗಳೇ. ಅವು ಉಳಿದರೆ ಆಮ್ಲವಿಲ್ಲದಿದ್ದರೂ ಬಣ್ಣ ಗುಳ್ಳೆಯೇಳುತ್ತದೆ. ನಮ್ಮ ಭಾಗದ ಅನೇಕ ಕೊಳವೆಬಾವಿಗಳ ಗಡಸು ನೀರಿನಲ್ಲೇ ಲವಣಗಳಿರುವುದರಿಂದ ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರನ್ನೇ ಬಳಸುವುದು ಲೇಸು. ಬ್ಯಾಟರಿ ಅಂಗಡಿಯಲ್ಲಿ ಅದಕ್ಕೆ ಎಂದೂ ಕೊರತೆ ಇರುವುದಿಲ್ಲ.

ಪರೀಕ್ಷೆಯಿಲ್ಲದೆ ಬಣ್ಣವಿಲ್ಲ

ಕಣ್ಣಿಗೆ ಶುಚಿಯಾಗಿ ಕಂಡ ಮಾತ್ರಕ್ಕೆ ಲೋಹ ಬಣ್ಣಕ್ಕೆ ಸಿದ್ಧವಾಯಿತೆಂದು ತಿಳಿಯಬಾರದು. ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಪಿ.ಎಚ್. ಕಾಗದದ ಪುಸ್ತಿಕೆ ದೊರೆಯುತ್ತದೆ. ತೊಳೆದ ಜಾಗದಲ್ಲಿ ಮೂರು-ನಾಲ್ಕು ಹನಿ ಬಟ್ಟಿ ಇಳಿಸಿದ ನೀರು ಹಾಕಿ, ಎರಡು ನಿಮಿಷ ಬಿಟ್ಟು ಕಾಗದವನ್ನು ಅದಕ್ಕೆ ಒತ್ತಬೇಕು. ಅದೇ ಬಾಟಲಿಯ ನೀರಿನಲ್ಲಿ ಅದ್ದಿದ ಇನ್ನೊಂದು ಕಾಗದದೊಡನೆ ಹೋಲಿಸಿ ನೋಡಬೇಕು. ಎರಡರ ಬಣ್ಣವೂ ಒಂದೇ ಆಗಿದ್ದರೆ ಸರಿ. ಕೆಂಪಿನತ್ತ ತಿರುಗಿದರೆ ಆಮ್ಲ, ನೀಲಿ-ಹಸಿರಿನತ್ತ ತಿರುಗಿದರೆ ಸೋಡಾ ಉಳಿದಿದೆಯೆಂದು ತಿಳಿದು ಮತ್ತೆ ತೊಳೆಯಬೇಕು. ಸಂದು, ಬೋಲ್ಟಿನ ತೂತು, ಮಡಿಕೆ - ಈ ಮೂರು ಕಡೆ ತಪ್ಪದೆ ಪರೀಕ್ಷಿಸಬೇಕು.

ಅರಿಶಿನ ಹಚ್ಚಿದ ಕಾಗದ ಸೋಡಾಕ್ಕೆ ಕೆಂಪಾಗುವುದು ನಿಜ. ಆದರೆ ಆಮ್ಲಕ್ಕೆ ಅದು ಹಳದಿಯಾಗಿಯೇ ಉಳಿಯುವುದರಿಂದ ಆಮ್ಲ ಹೋಗಿದೆಯೇ ಎಂಬುದನ್ನು ತಿಳಿಯಲು ಉಪಯೋಗವಿಲ್ಲ. ಪಿ.ಎಚ್. ಕಾಗದಕ್ಕೂ ಒಂದು ಮಿತಿಯುಂಟು: ಅದು ಸೋಡಿಯಂ ಸಲ್ಫೇಟಿನಂತಹ ತಟಸ್ಥ ಲವಣವನ್ನು ತೋರಿಸಲಾರದು. ಹೀಗಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಕೊನೆಯ ತೊಳೆತವನ್ನು ಕೈಬಿಡುವಂತಿಲ್ಲ. ದೊಡ್ಡ ಗುತ್ತಿಗೆಗಳಲ್ಲಿ ಲವಣದ ಪ್ರಮಾಣವನ್ನೇ ಅಳೆಯಬೇಕಾದಾಗ ಐ.ಎಸ್.ಓ. 8502 ಮಾನಕದ ಪರೀಕ್ಷೆಗಳನ್ನು ಅನುಸರಿಸಲಾಗುತ್ತದೆ.

ಲೇಪನದ ಆಯ್ಕೆ

ತೊಳೆದ ಲೋಹವನ್ನು ಬಿಸಿಗಾಳಿಯಿಂದಲೂ, ಸಂದುಗಳನ್ನು ಕಂಪ್ರೆಸರ್ ಗಾಳಿಯಿಂದಲೂ ಚೆನ್ನಾಗಿ ಒಣಗಿಸಬೇಕು. ಒಣಗುವಾಗ ಮೂಡುವ ತೆಳು ತುಕ್ಕನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಥಿನ್ನರ್ ಬಟ್ಟೆಯಿಂದ ಒರೆಸಿ, ಅದೇ ದಿನ ಪ್ರೈಮರ್ ಹೊಡೆಯಬೇಕು. ಹವೆಯ ತೇವಾಂಶ ಶೇ. 85ನ್ನು ಮೀರಿದ ದಿನ ಬಣ್ಣದ ಕೆಲಸ ಹಿಡಿಯದಿರುವುದು ಉದ್ಯಮದಲ್ಲಿ ಒಪ್ಪಿತವಾದ ನಿಯಮ.

ಬ್ಯಾಟರಿಯಿರುವ ಜಾಗಕ್ಕೆ ಎರಡು ಭಾಗಗಳನ್ನು ಬೆರೆಸಿ ಬಳಸುವ ಎಪಾಕ್ಸಿ ಪ್ರೈಮರ್ ಮತ್ತು ಎಪಾಕ್ಸಿ ಬಣ್ಣ ಹೊಂದುತ್ತವೆ. ದುರ್ಬಲ ಆಮ್ಲದ ಅಲ್ಪಕಾಲದ ಸಂಪರ್ಕವನ್ನು ಅವು ತಾಳಿಕೊಳ್ಳಬಲ್ಲವು. ಸಾಮಾನ್ಯ ಎನಾಮೆಲ್ ಬಣ್ಣ ಆಮ್ಲ, ಕ್ಷಾರ ಎರಡಕ್ಕೂ ಸೋಲುತ್ತದೆ. ಎಪಾಕ್ಸಿ ಬಿಸಿಲಿಗೆ ಸುಣ್ಣ ಬಳಿದಂತೆ ಮಂಕಾಗುವುದರಿಂದ ತೆರೆದ ಭಾಗಗಳಲ್ಲಿ ಅದರ ಮೇಲೆ ಪಾಲಿಯೂರಿಥೇನ್ ಬಣ್ಣ ಹಚ್ಚಬೇಕು. ಬಾನೆಟ್‌ನ ಒಳಗೆ ಈ ತೊಂದರೆಯಿಲ್ಲ. ಆಮ್ಲಾಂಶವಿರುವ ಎಚ್ ಪ್ರೈಮರ್‌ನ ಮೇಲೆ ಎಪಾಕ್ಸಿ ಹಚ್ಚುವ ಮುನ್ನ ತಯಾರಕರ ಸೂಚನಾಪತ್ರವನ್ನು ಓದುವುದು ಅವಶ್ಯ, ಏಕೆಂದರೆ ಎಲ್ಲ ಜೋಡಿಗಳೂ ಹೊಂದುವುದಿಲ್ಲ. ಎರಡು ಕೋಟುಗಳ ನಡುವಿನ ಅವಧಿ, ಪೂರ್ತಿ ಗಟ್ಟಿಯಾಗಲು ಬೇಕಾದ ದಿನಗಳು - ಇವನ್ನೂ ಅದರಂತೆಯೇ ಪಾಲಿಸಬೇಕು. ಬ್ಯಾಟರಿಯನ್ನು ಮರಳಿ ಕೂರಿಸುವಾಗ ಅಡಿಯಲ್ಲಿ ಪ್ಲಾಸ್ಟಿಕ್ ತಟ್ಟೆ ಇಟ್ಟರೆ ಮುಂದಿನ ಸೋರಿಕೆ ಲೋಹಕ್ಕೆ ತಲುಪುವುದಿಲ್ಲ.

ಬ್ಯಾಟರಿ ಕೋಣೆಯ ಗಾರೆ ನೆಲ

ಸಿಮೆಂಟಿನಲ್ಲಿರುವ ಸುಣ್ಣದ ಅಂಶ ಆಮ್ಲದೊಡನೆ ಸೇರಿ ಜಿಪ್ಸಂ ಆಗುವುದರಿಂದ ನೆಲ ಉಬ್ಬಿ ಪುಡಿಪುಡಿಯಾಗುತ್ತದೆ. ಲೋಹಕ್ಕೆ ಅನ್ವಯಿಸುವ ಮಾನದಂಡ ಇಲ್ಲಿ ಹೊಂದದು. ಗಟ್ಟಿಯಾದ ಗಾರೆ ಸ್ವಭಾವತಃ ಕ್ಷಾರೀಯ. ಅದರ ಮೇಲೆ ಕಾಗದ ತಟಸ್ಥವೆಂದು ತೋರಿಸಿದರೆ ಮೇಲ್ಪದರ ಆಗಲೇ ಹಾಳಾಗಿದೆಯೆಂದೇ ಅರ್ಥ. ಹಾನಿಯಾಗದ ಮೂಲೆಯೊಂದನ್ನು ಪರೀಕ್ಷಿಸಿ, ಚೆಲ್ಲಿದ ಜಾಗವೂ ಅದೇ ಅಂಕಿ ತೋರುವವರೆಗೆ ಮೆತ್ತಗಾದ ಪದರವನ್ನು ಕೆತ್ತಿ ತೆಗೆದು, ತೊಳೆದು, ಒಣಗಿಸಿ, ಅನಂತರ ಆಮ್ಲ ನಿರೋಧಕ ಟೈಲ್ಸ್ ಅಥವಾ ಎಪಾಕ್ಸಿ ಹಾಸು ಹಾಕಬೇಕು.

ತೊಳೆದ ನೀರು ಮತ್ತು ಕಾನೂನು

ತಟಸ್ಥವಾದ ನೀರಿನಲ್ಲೂ ಸೀಸದ ಕಣಗಳಿರುತ್ತವೆ ಎಂಬುದನ್ನು ಮರೆಯುವಂತಿಲ್ಲ. ಪರಿಸರ (ಸಂರಕ್ಷಣೆ) ನಿಯಮಗಳು, 1986ರ ಸಾಮಾನ್ಯ ಮಾನದಂಡದಂತೆ ಹೊರಬಿಡುವ ನೀರಿನ ಪಿ.ಎಚ್. 5.5ರಿಂದ 9ರೊಳಗಿರಬೇಕು, ಸೀಸದ ಅಂಶ ಒಳನಾಡಿನ ಜಲಮೂಲಗಳಿಗಾದರೆ ಲೀಟರಿಗೆ 0.1 ಮಿಲಿಗ್ರಾಂ, ಸಾರ್ವಜನಿಕ ಒಳಚರಂಡಿಗಾದರೆ 1 ಮಿಲಿಗ್ರಾಂ ಮೀರಬಾರದು. ಆದುದರಿಂದ ತೊಳೆದ ನೀರನ್ನು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಸಂಗ್ರಹಿಸಿ, ತಳದಲ್ಲಿ ನಿಂತ ಕೆಸರು ಹಾಗೂ ಆಮ್ಲ ಹೀರಿದ ಮರಳನ್ನು ಬೇರೆಯಾಗಿ ಮುಚ್ಚಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಸಂಸ್ಥೆಗೆ ಒಪ್ಪಿಸುವುದು ಉಚಿತ. ಬಾವಿ, ಚರಂಡಿ, ಗಿಡದ ಬುಡ ಇವು ಯಾವುವೂ ಅದಕ್ಕೆ ಜಾಗವಲ್ಲ.

ಕೆಟ್ಟ ಬ್ಯಾಟರಿಗಳಿಗೆ ಸಂಬಂಧಿಸಿದಂತೆ 2001ರ ನಿಯಮಗಳ ಸ್ಥಾನದಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು, 2022 ಜಾರಿಗೆ ಬಂದಿವೆ. ಅದರಂತೆ ಬಳಕೆದಾರರು ಕೆಟ್ಟ ಬ್ಯಾಟರಿಯನ್ನು ಇತರ ಕಸದೊಡನೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವ ಸಂಸ್ಥೆಗಳಿಗೆ ಒಪ್ಪಿಸಬೇಕು. ಒಡೆದ ಬ್ಯಾಟರಿಯ ಆಮ್ಲವನ್ನು ಚರಂಡಿಗೆ ಸುರಿದು ಸೀಸವನ್ನು ಮಾತ್ರ ಗುಜರಿಗೆ ಮಾರುವ ಹಳೆಯ ಪದ್ಧತಿಗೆ ಇಲ್ಲಿ ಅವಕಾಶವಿಲ್ಲ.

ಮರುಕಳಿಸದಂತೆ ಎಚ್ಚರ

ಕಾರಣವನ್ನು ಸರಿಪಡಿಸದೆ ಬಣ್ಣ ಹಚ್ಚಿದರೆ ಕೆಲಸ ವ್ಯರ್ಥ. ಮಟ್ಟ ಮೀರಿ ನೀರು ತುಂಬುವುದು, ಹಿಡಿಕಟ್ಟು ಸಡಿಲವಾಗಿ ಬ್ಯಾಟರಿ ಕುಲುಕುವುದು, ತುದಿಗಳ ಬುಡದಲ್ಲಿ ಬಿರುಕು, ಅತಿಯಾದ ಚಾರ್ಜಿಂಗ್ - ಸೋರಿಕೆಗೆ ಸಾಮಾನ್ಯ ಕಾರಣಗಳು ಇವು. ವಾಹನ ಚಾಲನೆಯಲ್ಲಿರುವಾಗ 12 ವೋಲ್ಟ್ ಬ್ಯಾಟರಿಯ ತುದಿಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಕಂಡುಬರಬೇಕು. ಸತತವಾಗಿ 15ರ ಮೇಲಿದ್ದರೆ ರೆಗ್ಯುಲೇಟರ್ ಪರೀಕ್ಷಿಸಬೇಕು. ಕಡಿಮೆಯಾದ ಮಟ್ಟಕ್ಕೆ ಬಟ್ಟಿ ಇಳಿಸಿದ ನೀರನ್ನಷ್ಟೇ ಸೇರಿಸಬೇಕು, ಆಮ್ಲವನ್ನಲ್ಲ.

ವ್ಯಾವಹಾರಿಕವಾಗಿಯೂ ಒಂದು ಸುಧಾರಣೆ ಅಗತ್ಯ. ಆಮ್ಲ ನಿವಾರಣೆಯನ್ನು ಪೇಂಟಿಂಗ್ ಕೂಲಿಯಲ್ಲೇ ಅಡಗಿಸದೆ ಅಂದಾಜುಪಟ್ಟಿಯಲ್ಲಿ ಪ್ರತ್ಯೇಕ ಬಾಬ್ತಾಗಿ ನಮೂದಿಸಿ, ಪಿ.ಎಚ್. ಪರೀಕ್ಷೆಯ ಫಲಿತಾಂಶವನ್ನು ಜಾಬ್ ಕಾರ್ಡಿನಲ್ಲಿ ಬರೆದಿಡಬೇಕು. ಗಿರಾಕಿಗೆ ತಾನು ತೆತ್ತ ಹಣ ಯಾವುದಕ್ಕೆಂಬುದು ತಿಳಿಯುತ್ತದೆ. ಗ್ಯಾರೇಜಿಗೆ ನಾಳೆ ವಿವಾದ ಬಂದರೆ ದಾಖಲೆ ಇರುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಯ ದೂರು ರಿಪೇರಿ ಕೆಲಸಕ್ಕೂ ಅನ್ವಯಿಸುತ್ತದೆ. ಇನ್ವರ್ಟರ್ ಟ್ರಾಲಿ, ಬ್ಯಾಟರಿ ಸ್ಟ್ಯಾಂಡುಗಳನ್ನು ಮರುಬಣ್ಣಕ್ಕಾಗಿ ಪಡೆಯುವ ಸಣ್ಣ ತಯಾರಕರೂ ಸರಕನ್ನು ಒಳಗೆ ತೆಗೆದುಕೊಳ್ಳುವಾಗಲೇ ಈ ಪರೀಕ್ಷೆ ನಡೆಸುವುದು ಒಳಿತು.

ಒಟ್ಟಿನಲ್ಲಿ ಹೇಳುವುದಾದರೆ, ಸೋಡಾ, ಪಿ.ಎಚ್. ಕಾಗದ, ಬಟ್ಟಿ ಇಳಿಸಿದ ನೀರು ಇವುಗಳ ವೆಚ್ಚ ಬಣ್ಣದ ವೆಚ್ಚದ ಮುಂದೆ ಅಲ್ಪ. ಇವನ್ನು ಬಿಟ್ಟು ಉಳಿಸಿದ ಹಣ, ಅದೇ ಕೆಲಸವನ್ನು ಎರಡನೆಯ ಬಾರಿ ಮಾಡುವಾಗ ಹಲವು ಪಟ್ಟಾಗಿ ಕೈಬಿಡುತ್ತದೆ. ಎರಡು ಬಾರಿ ತಟಸ್ಥಗೊಳಿಸಿ, ಚೆನ್ನಾಗಿ ತೊಳೆದು, ಪರೀಕ್ಷಿಸಿ, ಒಣಗಿಸಿದ ಲೋಹದ ಮೇಲೆ ಮಾತ್ರ ಬಣ್ಣ ನಿಲ್ಲುತ್ತದೆ.